ಫ್ರೀಸ್ಟೈಲ್ ಈಜಿನಲ್ಲಿ ಉಸಿರಾಟ

ಮುಖವನ್ನು ನೀರಿನಲ್ಲಿಟ್ಟು, ಕೈಗಳನ್ನು ಒಂದಾದ ಮೇಲೊಂದು ಬೀಸುತ್ತ ಸಾಗುವಾಗ, ಬಾಯಿ ಹೊರಬರುವ ಅಲ್ಪ ಹೊತ್ತಿನಲ್ಲಿ ಉಸಿರೆಳೆದು ಉಳಿದ ಹೊತ್ತೆಲ್ಲ ನೀರೊಳಗೇ ಉಸಿರು ಬಿಡುವ ಕ್ರಮ. ಫ್ರೀಸ್ಟೈಲ್ ಸ್ಪರ್ಧೆಯಲ್ಲಿ ಯಾವ ಬಗೆಯಲ್ಲಾದರೂ ಈಜಬಹುದು. ಎಲ್ಲಕ್ಕಿಂತ ವೇಗದ್ದೆಂದು ಈಜುಗಾರರು ಆರಿಸಿಕೊಳ್ಳುವುದು ಹೀಗೆ ಕೈ ಬೀಸಿ ಈಜುವ ಫ್ರಂಟ್ ಕ್ರಾಲನ್ನೇ.

ಹೊಳೆನರಸೀಪುರದ ಪಕ್ಕದಲ್ಲೇ ಹೇಮಾವತಿ, ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳಲ್ಲಿ ಕಾವೇರಿ, ಚನ್ನರಾಯಪಟ್ಟಣದ ಕಡೆ ಕೆರೆಗಳು: ಹಾಸನ ಸೀಮೆಯ ಹಳ್ಳಿಗರಿಗೆ ಈಜು ಬಂದದ್ದು ಇಂಥ ನೀರಿನಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿಯೋ ಒಣಗಿದ ಸೋರೆಬುರುಡೆ ಬಿಗಿದೋ ಹಿರಿಯರು ಮಕ್ಕಳನ್ನು ನೀರಿಗೆ ಬಿಡುತ್ತಿದ್ದರು. ಹೊಳೆಯಲ್ಲಿ ತಲೆ ಎತ್ತಿ ಈಜುವುದೇ ಸರಿ. ಬಂಡೆ, ಸೆಳವು, ದಡ ಕಣ್ಣಿಗೆ ಬೀಳುತ್ತಿರಬೇಕು. ಹಾಗೆ ಕಲಿತವರಿಗೆ ನೀರಿನ ಅಂಜಿಕೆ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ಫ್ರೀಸ್ಟೈಲ್‌ಗೆ ಇಳಿದಾಗ ಅದೇ ಅಭ್ಯಾಸ ಅಡ್ಡಬರುತ್ತದೆ. ತಲೆ ಎದ್ದಷ್ಟೂ ಸೊಂಟ, ಕಾಲು ಕೆಳಗಿಳಿದು ನೀರಿನ ತಡೆ ಹೆಚ್ಚುತ್ತದೆ. ಗಟ್ಟಿಮುಟ್ಟಾದ ಆಳೂ ಸ್ವಲ್ಪ ದೂರಕ್ಕೇ ಏದುಸಿರು ಬಿಡುತ್ತಾನೆ.

ಆಗ ಹೆಚ್ಚಿನವರು ಗಾಳಿ ಸಾಲದೆಂದು ಇನ್ನಷ್ಟು ಎಳೆದುಕೊಳ್ಳುತ್ತಾರೆ. ಕೊರತೆ ಇರುವುದು ಎಳೆಯುವುದರಲ್ಲಲ್ಲ, ಬಿಡುವುದರಲ್ಲಿ. ಉಸಿರಿಗಾಗಿ ಜೀವ ಚಡಪಡಿಸುವುದಕ್ಕೆ ಮುಖ್ಯ ಕಾರಣ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ನೀರೊಳಗೆ ಉಸಿರು ಕಟ್ಟಿಕೊಂಡವರು ಬಾಯಿ ಮೇಲೆ ಬಂದ ಗಳಿಗೆಯಲ್ಲೇ ಬಿಡುವುದನ್ನೂ ಎಳೆಯುವುದನ್ನೂ ಮುಗಿಸಬೇಕಾಗುತ್ತದೆ, ಎರಡೂ ಅರ್ಧಕ್ಕೇ ನಿಲ್ಲುತ್ತವೆ. ಆದ್ದರಿಂದ ಸುಧಾರಣೆಯ ಮೊದಲ ಪಾಠ ಕೈಯದ್ದಲ್ಲ, ಕಾಲಿನದ್ದೂ ಅಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು, ಮುಖ ಮುಳುಗಿಸಿ, ಮೂಗು ಬಾಯಿಗಳಿಂದ ಗುಳುಗುಳು ಗುಳ್ಳೆ ಬಿಡುತ್ತ, ಕೊನೆಯ ಗಾಳಿಯನ್ನು ಜೋರಾಗಿ ಊದಿ ಮೇಲೇಳುವುದು. ಇದು ಸಲೀಸಾಗುವವರೆಗೆ ಮುಂದಿನದಕ್ಕೆ ಹೋಗಬಾರದು.

ಮುಂದಿನದು ಹೊರಳುವುದು. ಕತ್ತನ್ನಷ್ಟೇ ತಿರುಚದೆ ಭುಜ, ಸೊಂಟಗಳ ಹೊರಳಿನ ಜೊತೆಗೇ ತಲೆ ತಿರುಗಬೇಕು. ಮುನ್ನುಗ್ಗುವ ತಲೆ ನೀರನ್ನು ಸೀಳುವುದರಿಂದ ಕೆನ್ನೆಯ ಬಳಿ ಒಂದು ತಗ್ಗು ಬೀಳುತ್ತದೆ. ಆ ತಗ್ಗಿನಲ್ಲಿ ಬಾಯಿ ತೆರೆದರೆ ಸಾಕು. ಒಂದು ಕಣ್ಣು ನೀರಿನಲ್ಲಿ, ಒಂದು ಹೊರಗೆ ಇದ್ದರೆ ತಿರುಗಿದ್ದು ಸರಿಯಾಗಿದೆಯೆಂದು ತಿಳಿಯಬಹುದು. ಉಸಿರೆಳೆಯುವಾಗ ಮುಂದೆ ಚಾಚಿದ ಕೈ ನೀರನ್ನು ಕೆಳಕ್ಕೆ ಒತ್ತಬಾರದು, ಒತ್ತಿದರೆ ಆಸರೆ ತಪ್ಪುತ್ತದೆ.

ಮೂರು ಕೈಬೀಸಿಗೊಮ್ಮೆ ಎಡಬಲ ಬದಲಿಸಿ ಉಸಿರೆಳೆದರೆ ಮೈ ಒಂದೇ ಕಡೆ ವಾಲುವುದಿಲ್ಲ. ದೂರದ ಈಜಿನಲ್ಲಿ ಎರಡಕ್ಕೊಮ್ಮೆ ಎಳೆಯುವವರೂ ಬಹಳ. 50 ಮೀಟರ್ ಸ್ಪರ್ಧೆಯಲ್ಲಿ ಉಸಿರೇ ಎಳೆಯದೆ ಮುಗಿಸುವವರಿದ್ದಾರೆ. 200 ಮೀಟರ್‌ನಲ್ಲಿ ಅದು ಸಾಗದು. ಬೆಂಗಳೂರಿನ ನಿಶಾ ಮಿಲೆಟ್ 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ, 14ರ ಹರೆಯದ ಧಿನಿಧಿ ದೇಸಿಂಗು 2024ರ ಪ್ಯಾರಿಸ್‌ನಲ್ಲಿ ಈಜಿದ್ದು ಈ 200 ಮೀಟರ್ ಫ್ರೀಸ್ಟೈಲನ್ನೇ.

ನೀರಿಗಿಳಿಯುವ ಮುನ್ನ ಮೇಲಿಂದ ಮೇಲೆ ಜೋರಾಗಿ ಉಸಿರಾಡಿ, ಮುಳುಗಿ ಎಷ್ಟು ಹೊತ್ತು ಇರುತ್ತೇನೆಂದು ಪಂಥ ಕಟ್ಟುವುದು ಜೀವಕ್ಕೇ ಅಪಾಯ. ಇಂಗಾಲದ ಡೈಆಕ್ಸೈಡ್ ಮೊದಲೇ ಇಳಿದಿರುವುದರಿಂದ ಚಡಪಡಿಕೆ ಕಾಣಿಸಿಕೊಳ್ಳುವ ಮೊದಲೇ ಆಮ್ಲಜನಕ ತೀರಿ ಎಚ್ಚರ ತಪ್ಪುತ್ತದೆ. ಉಸಿರಿನ ಅಭ್ಯಾಸಕ್ಕೆ ಕಾಯುವವರಿರುವ, ಆಳ ಗೊತ್ತಿರುವ ಕೊಳವೇ ತಕ್ಕದ್ದು. ಹೇಮಾವತಿಯ ಗೊರೂರು ಜಲಾಶಯದಿಂದ ಹರಿಯುವ ನಾಲೆಗಳು ಅದಕ್ಕೆ ತಕ್ಕವಲ್ಲ, ಅಲ್ಲಿ ನೀರಿನ ರಭಸದಲ್ಲಿ ಜಾರುವ ಇಳಿಜಾರು ದಡ ಹತ್ತಿ ಬರುವುದು ಈಜು ಬಲ್ಲವರಿಗೂ ಕಷ್ಟ.