ಟೆನ್ಸರ್ ಸಂಕೋಚನ: ಸಂಕೇತದಿಂದ ಗಣನೆಗೆ

ಟೆನ್ಸರುಗಳ ಸಮಾನ ಸೂಚಕಗಳನ್ನು ಜೋಡಿಸಿ, ಆ ಸೂಚಕದ ಎಲ್ಲ ಬೆಲೆಗಳಿಗೂ ದೊರೆಯುವ ಗುಣಲಬ್ಧಗಳನ್ನು ಕೂಡಿಸುವ ಕ್ರಿಯೆಯೇ ಸಂಕೋಚನ. ಇಟಲಿಯ ಗ್ರೆಗೋರಿಯೊ ರಿಚ್ಚಿ ಮತ್ತು ತುಲ್ಲಿಯೊ ಲೆವಿ-ಚಿವಿತಾ 1900ರ ತಮ್ಮ ಪ್ರಬಂಧದಲ್ಲಿ ಈ ಕಲನಕ್ಕೆ ವ್ಯವಸ್ಥಿತ ರೂಪವಿತ್ತರು. 1916ರಲ್ಲಿ ಐನ್‌ಸ್ಟೈನ್ ಸಂಕಲನದ ಚಿಹ್ನೆಯನ್ನೇ ಕೈಬಿಟ್ಟು, ಸೂಚಕವು ಪುನರಾವೃತ್ತವಾದೊಡನೆ ಸಂಕಲನವೆಂದು ತಿಳಿಯತಕ್ಕದ್ದೆಂಬ ರೂಢಿಯನ್ನು ತಂದರು. ನಾಲ್ಕು ಆಯಾಮಗಳ ದೇಶ-ಕಾಲದಲ್ಲಿ 20 ಸ್ವತಂತ್ರ ಘಟಕಗಳುಳ್ಳ ರೀಮಾನ್ ವಕ್ರತಾ ಟೆನ್ಸರು ಸಂಕೋಚನದಿಂದ 10 ಘಟಕಗಳ ರಿಚ್ಚಿ ಟೆನ್ಸರಾಗುತ್ತದೆ. ಗುರುತ್ವದ ಸಮೀಕರಣಗಳಿಗೆ ಅದೇ ಆಧಾರ.

ಬರಹದಲ್ಲಿ ಮರೆಯಾಗಿದ್ದ ಶ್ರಮವು ಗಣಕಯಂತ್ರದಲ್ಲಿ ಪ್ರಕಟವಾಯಿತು. 10×1000, 1000×10, 10×1000 ಅಳತೆಯ ಮೂರು ಮಾತೃಕೆಗಳಲ್ಲಿ ಮೊದಲೆರಡನ್ನು ಮೊದಲು ಗುಣಿಸಿದರೆ ಒಟ್ಟು 2 ಲಕ್ಷ ಗುಣಾಕಾರಗಳು ಸಾಕು. ಕೊನೆಯೆರಡರಿಂದ ತೊಡಗಿದರೆ 2 ಕೋಟಿ ಬೇಕು. ಫಲ ಮಾತ್ರ ಒಂದೇ. ಟೆನ್ಸರುಗಳ ದೊಡ್ಡ ಜಾಲದಲ್ಲಿ ಅತ್ಯುತ್ತಮ ಕ್ರಮವನ್ನು ಅರಸುವುದೇ ಅತಿ ಕಠಿಣ ಸಮಸ್ಯೆಗಳ ವರ್ಗಕ್ಕೆ ಸೇರಿದುದೆಂದು 1997ರಲ್ಲಿ ಸಿದ್ಧಪಡಿಸಲಾಯಿತು.

ಕ್ವಾಂಟಮ್ ಗಣನೆಯನ್ನೂ ಇಂತಹ ಜಾಲವಾಗಿ ಬರೆಯಬಹುದು. 2019ರಲ್ಲಿ ಗೂಗಲ್ ಸಂಸ್ಥೆಯ 53 ಕ್ಯೂಬಿಟ್‌ಗಳ ಯಂತ್ರವು 200 ಸೆಕೆಂಡುಗಳಲ್ಲಿ ಮುಗಿಸಿದ ಕಾರ್ಯಕ್ಕೆ ಮಹಾಗಣಕಕ್ಕೆ 10,000 ವರ್ಷ ಬೇಕೆಂದು ಆ ಸಂಸ್ಥೆ ಅಂದಾಜಿಸಿತ್ತು. ಚೀನಾದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಸಂಕೋಚನ ವಿಧಾನಕ್ಕೆ 512 ಗ್ರಾಫಿಕ್ಸ್ ಸಂಸ್ಕಾರಕಗಳ ಮೇಲೆ ಸುಮಾರು 15 ಗಂಟೆಗಳು ಸಾಕಾದವು. ‘ಅಸಾಧ್ಯ’ವೆಂಬ ನಿರ್ಣಯವು ಯಂತ್ರದ ವೇಗವನ್ನಷ್ಟೇ ಅಲ್ಲದೆ, ಅಂದು ತಿಳಿದಿದ್ದ ಗಣನಾಕ್ರಮವನ್ನೂ ಅವಲಂಬಿಸಿರುತ್ತದೆಂಬುದು ಇದರಿಂದ ವಿದಿತವಾಗುತ್ತದೆ.