ಮುಚ್ಚಿದ ಕಾರ್ಖಾನೆಯ ಗಡಿಯಾರಗಳು



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮದುವೆ ಮಾತುಕತೆಗಳಲ್ಲಿ ಒಂದು ಕಾಲಕ್ಕೆ ತಪ್ಪದೆ ಬರುತ್ತಿದ್ದ ಹೆಸರು ಎಚ್‌ಎಂಟಿ. ಅಳಿಯನಿಗೆ ಉಂಗುರ, ಕೈಗಡಿಯಾರ, ಅನುಕೂಲವಿದ್ದವರ ಮನೆಯಾದರೆ ಸೈಕಲ್ಲು ಅಥವಾ ರೇಡಿಯೋ. ಇಷ್ಟು ನಿಶ್ಚಯವಾಗದೆ ಹಿರಿಯರು ಎಲೆ-ಅಡಿಕೆ ಮುಟ್ಟುತ್ತಿರಲಿಲ್ಲ. ಆ ಗಡಿಯಾರಗಳನ್ನು ಈಗ ಹಳೆಯ ನಾಣ್ಯಗಳಂತೆ ಸಂಗ್ರಹಿಸುವವರಿದ್ದಾರೆ, ಹಣ ಹೂಡುವವರೂ ಇದ್ದಾರೆ. ಇದರ ಹಿಂದಿನ ಇತಿಹಾಸವನ್ನೂ ಲೆಕ್ಕವನ್ನೂ ಸ್ವಲ್ಪ ವಿವರವಾಗಿ ನೋಡಬೇಕೆನ್ನಿಸಿದೆ.

ಕೈಗಡಿಯಾರ ಬರುವ ಮುಂಚೆ ನಮ್ಮ ಭಾಗದ ಜನ ಹೊತ್ತನ್ನು ತಿಳಿಯುತ್ತಿದ್ದದ್ದು ಬಿಸಿಲಿನಿಂದ, ಗುಡಿಯ ಗಂಟೆಯಿಂದ, ಶಾಲೆಯ ಗಂಟೆಯಿಂದ, ಆಮೇಲೆ ಸಕ್ಕರೆ ಕಾರ್ಖಾನೆಯ ಭೋಂಗಾದಿಂದ. ಕೈಗೆ ಗಡಿಯಾರ ಕಟ್ಟಿದವನೆಂದರೆ ಸಾಹುಕಾರ, ವಕೀಲ ಇಲ್ಲವೇ ಸ್ಟೇಷನ್ ಮಾಸ್ತರ. ಅವರ ಕೈಯಲ್ಲಿದ್ದದ್ದು ಫಾವ್ರೆ-ಲೂಬಾ, ವೆಸ್ಟ್ ಎಂಡ್ ಮುಂತಾದ ಸ್ವಿಸ್ ಮಾಲು. ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಿನಿಮಯದ ಕೊರತೆಯಿಂದ ಆಮದು ಬಿಗಿಯಾಯಿತು, ಕಳ್ಳಸಾಗಣೆ ಹೆಚ್ಚಾಯಿತು.

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಯಂತ್ರಗಳನ್ನು ತಯಾರಿಸುವ ಯಂತ್ರಗಳ ಕಾರ್ಖಾನೆ. ಅದು ಗಡಿಯಾರಕ್ಕೆ ಕೈಹಾಕಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ಸಹಯೋಗದೊಂದಿಗೆ. ಮೊದಮೊದಲ ಗಡಿಯಾರಗಳ ಡಯಲ್ ಮೇಲೆ ಎಚ್‌ಎಂಟಿಯ ಜೊತೆಗೆ ಸಿಟಿಜನ್ ಹೆಸರೂ ಇರುತ್ತಿತ್ತು. ಇಂದಿನ ಸಂಗ್ರಾಹಕರು ಕಣ್ಣರಳಿಸಿ ಹುಡುಕುವುದು ಅವುಗಳನ್ನೇ.

ಮಾದರಿಗಳಿಗೆ ಇಟ್ಟ ಹೆಸರುಗಳನ್ನು ಗಮನಿಸಿ. ಜನತಾ, ಜವಾನ್, ಜವಾಹರ್, ತರುಣ್, ನೂತನ್, ಸೋನಾ, ಕೊಹಿನೂರ್, ಹೆಣ್ಣುಮಕ್ಕಳಿಗೆ ಸುಜಾತಾ, ಪ್ರಿಯಾ. ಇಂಗ್ಲಿಷ್ ಹೆಸರೆಂದರೆ ಪೈಲಟ್ ಒಂದು ನೆನಪಾಗುತ್ತದೆ. ಹೆಸರಿನ ಪಟ್ಟಿಯನ್ನು ಓದಿದರೆ ಅರವತ್ತರ ದಶಕದ ದೇಶದ ಮನಸ್ಸೇ ಓದಿದಂತಾಗುತ್ತದೆ. ಇತಿಹಾಸದ ಪಾಠದಲ್ಲಿ ಪಂಚವಾರ್ಷಿಕ ಯೋಜನೆಗಳನ್ನು ಕಲಿಸುವಾಗ ನಾನು ಈ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕುರುಡರು ಮುಟ್ಟಿ ಹೊತ್ತು ತಿಳಿಯುವಂಥ ಬ್ರೈಲ್ ಗಡಿಯಾರವನ್ನೂ ಈ ಕಾರ್ಖಾನೆ ಮಾಡಿತು. ತಾನೇ ತಾನಾಗಿ ಚಾವಿ ತುಂಬಿಕೊಳ್ಳುವ ‘ಕಾಂಚನ್’ಗೆ ಎಪ್ಪತ್ತು-ಎಂಬತ್ತರ ದಶಕದಲ್ಲಿ ಎಷ್ಟು ಬೇಡಿಕೆಯಿತ್ತೆಂದರೆ, ‘ಕಾಂಚನ್ ಆದ್ರ ಸೈ, ಇಲ್ಲಾಂದ್ರ ಮಾತ ಬ್ಯಾಡ’ ಎಂದು ಎದ್ದುಹೋದ ಬೀಗರನ್ನು ನಾನೇ ಕಂಡಿದ್ದೇನೆ. ಜನತೆಗಾಗಿ ಮಾಡಿದ ವಸ್ತು ವರದಕ್ಷಿಣೆಯ ಪಟ್ಟಿಗೆ ಸೇರಿದ್ದು ನಮ್ಮ ಸಮಾಜದ ವೈಚಿತ್ರ್ಯ.

ಜನತಾ, ಪೈಲಟ್‌ಗಳ ಒಳಗಿನ ಯಂತ್ರ ಬಲು ಸರಳ. ಹದಿನೇಳು ಕಲ್ಲುಗಳು, ತಾಸಿಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ದಿನಕ್ಕೊಮ್ಮೆ ಚಾವಿ ಕೊಟ್ಟರೆ ಸಾಕು. ನಮ್ಮ ತಂದೆಯವರು ಬೆಳಿಗ್ಗೆ ಸ್ನಾನ, ವಿಭೂತಿ ಆದ ಮೇಲೆ ಆಕಾಶವಾಣಿಯ ವಾರ್ತೆ ಆರಂಭವಾಗುವ ಕ್ಷಣಕ್ಕೆ ಮುಳ್ಳನ್ನು ಸರಿಹೊಂದಿಸಿ ಚಾವಿ ಕೊಡುತ್ತಿದ್ದರು. ಕೆಟ್ಟರೆ ಸಂತೆಯ ದಾರಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕುಳಿತ ರಿಪೇರಿಯವರು ಅರ್ಧ ತಾಸಿನಲ್ಲಿ ಬಿಚ್ಚಿ ಕೂಡಿಸಿ ಕೊಡುತ್ತಿದ್ದರು. ಬನಹಟ್ಟಿಯ ಮಗ್ಗದ ಕೆಲಸಗಾರ, ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಪಾಳಿ ನೌಕರ, ಶಾಲಾ ಮಾಸ್ತರ, ಎಲ್ಲರ ಕೈಗೂ ಅದು ಬಂತು. ಬೆಂಗಳೂರು ಸಾಲದೆ ತುಮಕೂರು, ಶ್ರೀನಗರ, ರಾಣಿಬಾಗ್‌ಗಳಲ್ಲಿಯೂ ಗಡಿಯಾರ ಕಾರ್ಖಾನೆಗಳಾದವು.

ಇಳಿಜಾರಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ಬಹಳ ಜನಕ್ಕೆ ಗೊತ್ತು. 1969ರಲ್ಲಿ ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದು ಸ್ವಿಸ್ಸರನ್ನೇ ನಡುಗಿಸಿತು. ನಮ್ಮಲ್ಲಿ 1984ರಲ್ಲಿ ಹುಟ್ಟಿದ ಟೈಟನ್, ಹೊಸೂರಿನಿಂದ ಕ್ವಾರ್ಟ್ಜ್ ಗಡಿಯಾರಗಳನ್ನು ತಂದು, ಅಂಗಡಿಯನ್ನೂ ಜಾಹೀರಾತನ್ನೂ ಬೇರೆ ರೀತಿ ಕಟ್ಟಿತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತು, ಆದರೆ ಮನಸ್ಸು ಚಾವಿಯ ಗಡಿಯಾರದಲ್ಲೇ ಇತ್ತು. ನಷ್ಟ ಬೆಳೆಯಿತು. 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚುವ ಸುದ್ದಿ ಬಂದಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ನೌಕರರಿಗೆ 2007ರ ವೇತನ ಶ್ರೇಣಿಯ ಆಧಾರದ ಮೇಲೆ ಸ್ವಯಂ ನಿವೃತ್ತಿ ಪರಿಹಾರ ಕೊಟ್ಟು ಕಳಿಸಲಾಯಿತು.

ಇತ್ತ ಬೇರೊಂದು ಬೆಳವಣಿಗೆ ನಡೆಯಿತು. ಮುಚ್ಚುವ ಸುದ್ದಿ ಬರುತ್ತಲೇ ವರ್ಷಗಟ್ಟಲೆ ಯಾರೂ ತಿರುಗಿ ನೋಡದ ಮಳಿಗೆಗಳ ಮುಂದೆ ಜನ ಸಾಲುಗಟ್ಟಿದರು. ಕಾರ್ಖಾನೆ ಉಸಿರಾಡುತ್ತಿದ್ದಾಗ ಬೇಡವಾಗಿದ್ದ ಜನತಾ, ಪೈಲಟ್, ಕಾರ್ಖಾನೆ ಸತ್ತ ಕೂಡಲೇ ಅಮೂಲ್ಯವಾದವು. ಅಂತರ್ಜಾಲದಲ್ಲಿ ಮೂಲ ಬೆಲೆಯ ಹಲವು ಪಟ್ಟು ಕೇಳತೊಡಗಿದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ನೌಕರಿಯಲ್ಲಿದ್ದಾನೆ. ರಬಕವಿಯ ನೇಕಾರರ ಮನೆಯ ಹುಡುಗ. ತಂದೆ ನಾಲ್ಕು ವಿದ್ಯುತ್ ಮಗ್ಗಗಳನ್ನು ಮಾರಿದ ಹಣ ಬ್ಯಾಂಕಿನಲ್ಲಿತ್ತು. ‘ಸರ್, ಇದನ್ನ ಹಳೇ ಎಚ್‌ಎಂಟಿ ವಾಚಿನ ಮ್ಯಾಲ ಹಾಕಬೇಕಂತ ಮಾಡೀನ್ರಿ. ಕಾರ್ಖಾನಿ ಮುಚ್ಚೈತಿ, ಇನ್ನ ಹುಟ್ಟೂದಿಲ್ಲ, ರೇಟ್ ಏರೂದ ಖರೇ’ ಎಂದ. ಪುರಾವೆಯಾಗಿ ಅವನು ತೋರಿಸಿದ್ದು ಜಪಾನಿನ ವಿಸ್ಕಿಯ ಸುದ್ದಿಗಳನ್ನು! ನಾನು ಆ ಪದಾರ್ಥದ ರುಚಿ ಬಲ್ಲವನಲ್ಲ, ಲೆಕ್ಕವನ್ನಷ್ಟೇ ನೋಡಿದೆ. ಲೆಕ್ಕ ಕುತೂಹಲಕಾರಿಯಾಗಿಯೇ ಇತ್ತು.

ಜಪಾನಿನಲ್ಲಿ ಕರುಯಿಜಾವಾ ಎಂಬ ಭಟ್ಟಿ 1955ರಲ್ಲಿ ಆರಂಭವಾಗಿ, 2000ದಲ್ಲಿ ಉತ್ಪಾದನೆ ನಿಲ್ಲಿಸಿ, 2011ರಲ್ಲಿ ಪೂರ್ತಿ ಮುಚ್ಚಿತು. ಹಾನ್ಯೂ ಎಂಬ ಇನ್ನೊಂದು ಭಟ್ಟಿಯೂ 2000ದಲ್ಲೇ ನಿಂತಿತು. ಉಳಿದ ಪೀಪಾಯಿಗಳಲ್ಲಿ ಇದ್ದಷ್ಟೇ ಮಾಲು. ಕರುಯಿಜಾವಾದಲ್ಲಿ 1960ರಲ್ಲಿ ಇಳಿಸಿದ ಒಂದು ಪೀಪಾಯಿ 52 ವರ್ಷಗಳ ನಂತರ ಬಾಟಲಿಗೆ ಬಂದಾಗ ಸಿಕ್ಕದ್ದು 41 ಬಾಟಲಿ ಮಾತ್ರ. ಅವುಗಳಲ್ಲೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ 3,63,000 ಪೌಂಡಿಗೆ ಹೋಯಿತು. ಅದೇ ವರ್ಷ ಹಾಂಕಾಂಗ್‌ನಲ್ಲಿ ಹಾನ್ಯೂವಿನ ಇಸ್ಪೀಟು ಎಲೆಗಳ ಚಿತ್ರವಿರುವ 54 ಬಾಟಲಿಗಳ ಪೂರ್ಣ ಸರಣಿ ಸುಮಾರು 15 ಲಕ್ಷ ಡಾಲರಿಗೆ ಮಾರಾಟವಾಯಿತು.

ಹುಡುಗನ ವಾದ ಮೇಲ್ನೋಟಕ್ಕೆ ಸರಿ. ಅಲ್ಲಿಯೂ ಮುಚ್ಚಿದ ಕಾರ್ಖಾನೆ, ಇಲ್ಲಿಯೂ ಮುಚ್ಚಿದ ಕಾರ್ಖಾನೆ. ಆದರೆ ಅಲ್ಲಿ ಬಾಟಲಿ 41. ಎಚ್‌ಎಂಟಿ ತನ್ನ ಆಯುಷ್ಯದಲ್ಲಿ ಮಾಡಿದ ಗಡಿಯಾರಗಳು ಹತ್ತು ಕೋಟಿಗೂ ಹೆಚ್ಚು! ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ವಸ್ತು ವಿರಳವಾಗುವುದಿಲ್ಲ. ನಮ್ಮ ನಾಲ್ಕು ಊರುಗಳ ಟ್ರಂಕುಗಳನ್ನು ಒಮ್ಮೆಗೇ ಸುರಿದರೆ ಬುಟ್ಟಿಗಟ್ಟಲೆ ಜನತಾ ಸಿಕ್ಕೀತು.

ಇನ್ನೊಂದು ವ್ಯತ್ಯಾಸ. ಮುಚ್ಚಳ ತೆಗೆಯದ ಬಾಟಲಿಯನ್ನು ತಂಪಿನಲ್ಲಿ ನಿಲ್ಲಿಸಿಟ್ಟರೆ ಅದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಗಡಿಯಾರವನ್ನು ಪೆಟ್ಟಿಗೆಯಲ್ಲಿಟ್ಟರೆ ಎಣ್ಣೆ ಒಣಗುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಡಯಲ್ ಮೇಲೆ ಕಲೆ ಬೀಳುತ್ತದೆ. ಓಡಿಸಿದರೆ ಸವೆಯುತ್ತದೆ. ಬಿಡಿಭಾಗ ಬೇಕೆಂದರೆ ಇನ್ನೊಂದು ಗಡಿಯಾರವನ್ನು ಕೊಲ್ಲಬೇಕು. ಹೀಗೆ ಒಂದರ ಯಂತ್ರ, ಮತ್ತೊಂದರ ಮುಳ್ಳು, ಮೂರನೆಯದರ ಕವಚ ಕೂಡಿಸಿ, ಹೊಸದಾಗಿ ಬಣ್ಣ ಹಚ್ಚಿ ಅಕ್ಷರ ಮುದ್ರಿಸಿದ ಡಯಲ್ ಹಾಕಿ ‘ಅಪರೂಪದ ಹಳೆಯ ಮಾಲು’ ಎಂದು ಮಾರುವ ಉದ್ಯೋಗವೇ ಬೆಳೆದಿದೆ. ಕೆಂಪು, ಹಸಿರು, ನೀಲಿ ಡಯಲ್‌ಗಳು ಹೊಳೆಯುವುದನ್ನು ಕಂಡು ಮರುಳಾಗಬಾರದು. ಬಹುಪಾಲು ಅವು ನಿನ್ನೆ ಮೊನ್ನೆಯ ಬಣ್ಣ. ನಿಜವಾಗಿ ಬೆಲೆ ಬಾಳುವುದು ಸಿಟಿಜನ್ ಹೆಸರಿನ ಮೊದಲ ಕಾಲದವು, ಬ್ರೈಲ್ ಮಾದರಿ, ಮೂಲ ಪೆಟ್ಟಿಗೆ-ರಸೀದಿ ಸಮೇತ ಬಳಸದೆ ಉಳಿದಂಥವು. ಅವುಗಳನ್ನು ಗುರುತಿಸಲು ರಿಪೇರಿಯವನ ಕಣ್ಣು ಬೇಕು, ಹೂಡಿಕೆದಾರನ ಕಣ್ಣು ಸಾಲದು.

ಮುಚ್ಚಿದ್ದು ಮುಚ್ಚಿಯೇ ಇರುತ್ತದೆಂಬ ಖಾತರಿಯೂ ಇಲ್ಲ. ಹಾನ್ಯೂ ಭಟ್ಟಿ 2021ರಲ್ಲಿ ಮತ್ತೆ ಆರಂಭವಾಯಿತು. ಸ್ಕಾಟ್ಲೆಂಡಿನಲ್ಲಿ 1983ರಲ್ಲಿ ನಿಂತ ಬ್ರೋರಾ ಭಟ್ಟಿಯೂ ಅದೇ ವರ್ಷ ಬಾಗಿಲು ತೆರೆಯಿತು. ಎಚ್‌ಎಂಟಿ ಹೆಸರಿನ ಗಡಿಯಾರಗಳೂ ಗಡಿಯಾರ ಕಂಪನಿ ಮುಚ್ಚಿದ ಮೇಲೆ ಮೂಲ ಸಂಸ್ಥೆಯ ಮೂಲಕ ಮಾರಾಟವಾಗುತ್ತ ಬಂದಿವೆ. ಇಷ್ಟನ್ನೂ ಕಾಗದದ ಮೇಲೆ ಬರೆದು ಆ ಹುಡುಗನಿಗೆ ಕಳಿಸಿದೆ. ‘ಇಷ್ಟವಿದ್ದರೆ ಒಂದು ಕೊಂಡು ಕೈಗೆ ಕಟ್ಟಿಕೋ, ನಿಮ್ಮಪ್ಪನ ಮಗ್ಗದ ಹಣವನ್ನು ಮುಟ್ಟಬೇಡ’ ಎಂದು ಕೊನೆಗೆ ಸೇರಿಸಿದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ ಒಂದು ಸಂಗತಿ. ಈ ಏರಿದ ಬೆಲೆಯಲ್ಲಿ ಒಂದು ಪೈಸೆಯೂ ಬೆಂಗಳೂರು, ತುಮಕೂರುಗಳಲ್ಲಿ ಚಿಮಟ ಹಿಡಿದು ಕೂದಲೆಳೆಯಂಥ ಸುರುಳಿ ಕೂಡಿಸಿದ ಕೈಗಳಿಗೆ ಸೇರಲಿಲ್ಲ. ಮೊದಲು ಕೊಂಡವರ ಮನೆಗಳಿಗೂ ಸೇರುತ್ತಿಲ್ಲ. ಹಳೆಯ ತಾಮ್ರದ ಹಂಡೆ ಕೊಳ್ಳುವವರಂತೆ ವಾಚು ಕೊಳ್ಳುವವರೂ ಈಗ ಓಣಿಗೆ ಬರುತ್ತಾರೆ. ಬನಹಟ್ಟಿಯಲ್ಲಿ ನನ್ನ ದಿವಂಗತ ಸಹೋದ್ಯೋಗಿಯೊಬ್ಬರ ಮನೆಯವರು ಒಮ್ಮೆ ಕರೆಕಳಿಸಿದರು. ಎರಡು ಗಡಿಯಾರ ಮುಂದಿಟ್ಟು, ‘ಮುನ್ನೂರು ರೂಪಾಯಿ ಕೊಡ್ತೀನಿ ಅಂತಾನ್ರಿ ಸರ. ಕೊಡ್ಲ್ಯೋ ಬ್ಯಾಡೋ?’ ಎಂದು ಕೇಳಿದರು. ಮೊಮ್ಮಗನ ಕಾಲೇಜು ಫೀಜಿಗೆ ಹಣ ಬೇಕಾಗಿತ್ತು. ಒಂದು ಕಾಂಚನ್, ಅವರ ಮದುವೆಯದು. ಇನ್ನೊಂದು ಕೊಹಿನೂರ್; ಅದರ ಬೆನ್ನಿಗೆ ವಿದ್ಯಾರ್ಥಿಗಳು ಗುರುಗಳ ಹೆಸರು, ಇಸವಿ ಕೆತ್ತಿಸಿದ್ದರು. ಕೊಳ್ಳಲು ಬಂದವನು, ‘ಈ ಅಕ್ಷರ ತಿಕ್ಕಿ ತೆಗೀಬೇಕಾಗ್ತದ, ಅದಕ್ಕ ರೇಟ್ ಕಡಿಮಿ’ ಎಂದಿದ್ದನಂತೆ.

ನಾನು ಆ ಅಮ್ಮನವರಿಗೆ ಹೇಳಿದ್ದು ಇಷ್ಟೇ: ‘ಇನ್ನೆರಡು ಕಡೆ ಕೇಳಿಸೋಣ.’ ಜಮಖಂಡಿಯ ಪರಿಚಯದ ರಿಪೇರಿಯವರಿಗೆ ತೋರಿಸಿದಾಗ ಕಾಂಚನ್ ಮೂಲ ಡಯಲ್ಲಿನದೆಂದು ತಿಳಿಯಿತು. ಕೊನೆಗೆ ಅದೊಂದೇ 1,400 ರೂಪಾಯಿಗೆ ಹೋಯಿತು. ದೊಡ್ಡ ಮೊತ್ತವಲ್ಲ, ಆದರೆ ಎರಡಕ್ಕೂ ಸೇರಿ ಬಂದಿದ್ದ ಮುನ್ನೂರಿಗಿಂತ ಮೇಲು. ಕೊಹಿನೂರ್ ಅನ್ನು ಅವರು ಮಾರಲಿಲ್ಲ. ಸಂಗ್ರಾಹಕರ ಪಟ್ಟಿಯಲ್ಲಿ ಆ ಕೆತ್ತನೆ ಒಂದು ದೋಷ. ಊರೊಂದರ ಶಿಕ್ಷಣದ ಇತಿಹಾಸ ಬರೆಯಲು ಕುಳಿತವನಿಗೆ ಅದು ಸಣ್ಣದೊಂದು ಶಾಸನ! ಯಾವ ಸಾಲಿನ ಹುಡುಗರು, ಯಾರನ್ನು, ಯಾವ ದಿನ ಗೌರವಿಸಿದರೆಂಬುದು ಶಾಲೆಯ ದಾಖಲೆಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ತುಮಕೂರಿನ ಗಡಿಯಾರ ಕಾರ್ಖಾನೆಯ ಜಾಗ ಈಗ ಇಸ್ರೋ ಸಂಸ್ಥೆಗೆ ಸೇರಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ವಸ್ತುಸಂಗ್ರಹಾಲಯ ತೆರೆದಿದೆ. ಬೆಂಗಳೂರಿಗೆ ಹೋದವರು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬಹುದು. ನಮ್ಮ ನಾಲ್ಕು ತಾಲೂಕುಗಳ ಮಟ್ಟಿಗೆ ನಾನೊಂದು ವಹಿ ಆರಂಭಿಸಿದ್ದೇನೆ. ನಿಮ್ಮ ಮನೆಯ ಟ್ರಂಕಿನಲ್ಲೋ ದೇವರ ಗೂಡಿನಲ್ಲೋ ನಿಂತುಹೋದ ಎಚ್‌ಎಂಟಿ ಇದ್ದರೆ, ಅದನ್ನು ತಿರುವಿ ಹಾಕಿ, ಬೆನ್ನಿನ ಮೇಲೆ ಏನು ಕೆತ್ತಿದೆ, ಯಾರ ಕೈಯದು, ಯಾವ ಸಂದರ್ಭದ್ದು ಎಂದು ಬರೆದು ತಿಳಿಸಿ. ಇಲ್ಲಿಯವರೆಗೆ 23 ಬಂದಿವೆ. ಅವುಗಳಲ್ಲಿ ಬೀಳಗಿಯದು ಒಂದೂ ಇಲ್ಲ.