ಕಲ್ಲಿದ್ದಲ ಧೂಳಿಗೆ ದನಿ ಕೊಟ್ಟ ಹೇಜಲ್

1968ರ ನವೆಂಬರ್ 20. ಬೆಳಗಿನ ಜಾವ ಐದೂವರೆ. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಫಾರ್ಮಿಂಗ್ಟನ್ ಅನ್ನೋ ಪುಟ್ಟ ಊರಿನ ಹತ್ತಿರ, ನೆಲದೊಳಗೆ ಒಂದು ಸ್ಫೋಟ. ಹನ್ನೆರಡು ಮೈಲಿ ದೂರದಲ್ಲಿ ಮಲಗಿದ್ದವರಿಗೂ ನೆಲ ನಡುಗಿದ್ದು ಗೊತ್ತಾಯ್ತು. ಆ ಕಲ್ಲಿದ್ದಲು ಗಣಿಯೊಳಗೆ ರಾತ್ರಿ ಪಾಳಿಯಲ್ಲಿದ್ದವರು 99 ಮಂದಿ. 21 ಜನ ಹೇಗೋ ಹೊರಗೆ ಬಂದರು. 78 ಜನ ಬರಲಿಲ್ಲ.

ಟಿವಿ ಕ್ಯಾಮೆರಾಗಳು ಬಂದವು. ಗಣಿಯ ಬಾಯಿಂದ ಏಳುತ್ತಿದ್ದ ಕಪ್ಪು ಹೊಗೆಯನ್ನು ಇಡೀ ಅಮೆರಿಕ ಮನೆಯಲ್ಲಿ ಕೂತು ನೋಡಿತು. ರಾಜ್ಯದ ಗವರ್ನರ್ ಬಂದು, ಗಣಿ ಕೆಲಸ ಅಪಾಯದ್ದೇ, ಇಂಥವು ಆಗುತ್ತವೆ ಅನ್ನೋ ಧಾಟಿಯಲ್ಲಿ ಮಾತಾಡಿದರು. ಅವರಾದ ಮೇಲೆ ಟೋನಿ ಬಾಯ್ಲ್ ಬಂದರು. ಸುರಕ್ಷತೆಯ ವಿಷಯದಲ್ಲಿ ಈ ಕಂಪನಿ ತುಂಬಾ ಒಳ್ಳೇದು, ನಮ್ಮ ಜೊತೆ ಸಹಕರಿಸುತ್ತೆ ಅಂತ ಕ್ಯಾಮೆರಾ ಮುಂದೆ ಸರ್ಟಿಫಿಕೇಟ್ ಕೊಟ್ಟರು. ಒಳಗೆ ಬೆಂಕಿ ಇನ್ನೂ ಉರೀತಾ ಇದೆ, ಹೊರಗೆ ಹೆಂಡತಿ ಮಕ್ಕಳು ಕಾಯ್ತಾ ನಿಂತಿದ್ದಾರೆ. ಈ ಬಾಯ್ಲ್ ಯಾರು ಅಂದುಕೊಂಡ್ರಿ? ಗಣಿ ಕಾರ್ಮಿಕರ ಸಂಘದ ಅಧ್ಯಕ್ಷ!

ಹತ್ತು ದಿನ ಆದ ಮೇಲೆ ಬೆಂಕಿಗೆ ಗಾಳಿ ಸಿಗದಂತೆ ಗಣಿಯನ್ನೇ ಮುಚ್ಚಿಬಿಟ್ಟರು. ಮುಂದಿನ ವರ್ಷ ಮತ್ತೆ ತೆರೆದು, 1978ರವರೆಗೂ ಹುಡುಕಿದರು. 19 ಜನರ ದೇಹ ಕೊನೆಗೂ ಸಿಗಲಿಲ್ಲ.

ಕ್ಯಾಮೆರಾಗಳು ಅಷ್ಟು ದಿನ ಅಲ್ಲಿ ನಿಲ್ಲೋದಿಲ್ಲ. ಇದು ನನ್ನ ಕಸುಬು, ಹಾಗಾಗಿ ಧೈರ್ಯವಾಗಿ ಹೇಳ್ತೀನಿ. ನಾವು ಮುಂದಿನ ಬ್ರೇಕಿಂಗ್ ನ್ಯೂಸ್‌ಗೆ ಹೋಗಿಬಿಡ್ತೀವಿ. ಆದರೆ ಆ ದುರಂತವನ್ನು ಬಿಡದೆ ಹಿಡಿದುಕೊಂಡ ಒಬ್ಬ ಹೆಣ್ಣುಮಗಳಿದ್ದಳು. ‘ಮ್ಯಾನಿಂಗ್ಟನ್ ಮೈನ್ ಡಿಸಾಸ್ಟರ್’ ಅಂತ ಹಾಡು ಕಟ್ಟಿದಳು. ಮ್ಯಾನಿಂಗ್ಟನ್ ಆ ಗಣಿಗೆ ಹತ್ತಿರದ ಇನ್ನೊಂದು ಊರು. ಹಾಡು ಕಟ್ಟಿದವಳ ಹೆಸರು ಹೇಜಲ್ ಡಿಕನ್ಸ್.

ಯಾರು ಈ ಹೇಜಲ್? ಹುಟ್ಟಿದ್ದು 1925ರಲ್ಲಿ, ಅದೇ ವೆಸ್ಟ್ ವರ್ಜೀನಿಯಾದ ಮರ್ಸರ್ ಕೌಂಟಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಎಂಟನೆಯವಳು. ಅಪ್ಪ ಗಣಿಗಳಿಗೆ ಮರದ ದಿಮ್ಮಿ ಸಾಗಿಸುತ್ತಿದ್ದರು, ಭಾನುವಾರ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದರು. ಅವರದ್ದು ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥ. ಅಲ್ಲಿ ಯಾವ ವಾದ್ಯವೂ ಇಲ್ಲ, ಬರೀ ಕಂಠ. ಆ ಬರೀ ಕಂಠದ ಹಾಡುಗಾರಿಕೆ ಹೇಜಲ್ ಗಂಟಲಲ್ಲಿ ಕೊನೆತನಕ ಉಳಿಯಿತು. ಅಣ್ಣತಮ್ಮಂದಿರು ಗಣಿಗೆ ಇಳಿದರು. ಬೆಟ್ಟದ ಮೇಲೆ ಬದುಕು ಸಾಗದೆ ಮನೆಯವರು ಒಬ್ಬೊಬ್ಬರಾಗಿ ಬಾಲ್ಟಿಮೋರ್ ನಗರಕ್ಕೆ ಹೊರಟರು. ಹೇಜಲ್ ಕೂಡ ಹೋದಳು, ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದಳು. ಬೆಟ್ಟದಿಂದ ಬಂದವರನ್ನು ಊರಿನವರು ‘ಹಿಲ್‌ಬಿಲಿ’ ಅಂತ ಹಂಗಿಸುತ್ತಿದ್ದರು. ಮಾತಿನ ಧಾಟಿ ಕೇಳಿದರೆ ಸಾಕು, ನಗು.

ಆ ನಗರದ ಹತ್ತಿರ ಒಂದು ಕ್ಷಯರೋಗದ ಆಸ್ಪತ್ರೆ. ಅಲ್ಲಿ ಹೇಜಲ್‌ಳ ಸೋದರನೊಬ್ಬ ರೋಗಿ. ಅಲ್ಲೇ ಕೆಲಸಕ್ಕಿದ್ದ ಹುಡುಗ ಮೈಕ್ ಸೀಗರ್. ಯುದ್ಧಕ್ಕೆ ಹೋಗಲ್ಲ, ನನ್ನ ಮನಸ್ಸಾಕ್ಷಿ ಒಪ್ಪಲ್ಲ ಅಂದವರಿಗೆ ಸರ್ಕಾರ ಕೊಡುತ್ತಿದ್ದ ಬದಲಿ ಕೆಲಸ ಅದು. ಈ ಮೈಕ್, ‘ವಿ ಶಾಲ್ ಓವರ್‌ಕಮ್’ ಹಾಡನ್ನು ಜಗತ್ತಿಗೆ ಮುಟ್ಟಿಸಿದ ಪೀಟ್ ಸೀಗರ್ ಅವರ ಮಲತಮ್ಮ. ನೀವೂ ನಾನೂ ಶಾಲೆಯಲ್ಲಿ ಕನ್ನಡದಲ್ಲಿ ಹಾಡಿದ್ದೀವಲ್ಲ, ಅದೇ ಹಾಡು. ಹಳ್ಳಿ ಹಾಡುಗಳ ಹುಚ್ಚಿದ್ದ ಮೈಕ್‌ಗೆ ಡಿಕನ್ಸ್ ಕುಟುಂಬ ಸಿಕ್ಕಿದ್ದು ನಿಧಿ ಸಿಕ್ಕಂತಾಯ್ತು. ಇತ್ತ ಹೇಜಲ್‌ಗೆ, ತಾನು ನಾಚಿಕೊಳ್ಳುತ್ತಿದ್ದ ಹಾಡುಗಳನ್ನು ಓದಿದವರು ಆಸೆಯಿಂದ ಕೇಳ್ತಾರೆ ಅನ್ನೋದು ಮೊದಲ ಸಲ ಗೊತ್ತಾಯ್ತು.

ಬ್ಲೂಗ್ರಾಸ್ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ಫಿಡಲ್, ಅಂದ್ರೆ ನಮ್ಮ ಪಿಟೀಲು, ಜೊತೆಗೆ ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ದೊಡ್ಡ ಬಾಸ್. ಕರೆಂಟ್ ಬೇಕಾಗಿಲ್ಲ. ಕೆಂಟಕಿಯ ಬಿಲ್ ಮನ್ರೋ 1940ರ ದಶಕದಲ್ಲಿ ಇದಕ್ಕೊಂದು ರೂಪ ಕೊಟ್ಟರು. ಅವರ ತಂಡದ ಹೆಸರು ‘ಬ್ಲೂ ಗ್ರಾಸ್ ಬಾಯ್ಸ್’. ಹೆಸರಲ್ಲೇ ಇದೆ ನೋಡಿ, ಬಾಯ್ಸ್! ಎತ್ತರದ ಶ್ರುತಿಯಲ್ಲಿ ಗಂಡಸರು ಹಾಡುವ ಸಂಗೀತ ಅದು. ಹೆಣ್ಣುಮಕ್ಕಳು ಇದ್ದರೂ ಪಕ್ಕದಲ್ಲಿ ಇರಬೇಕಿತ್ತು, ತಂಡ ಅವರದ್ದಾಗುತ್ತಿರಲಿಲ್ಲ. ಹೇಜಲ್‌ಗೆ ಅಲ್ಲೊಬ್ಬಳು ಗೆಳತಿ ಸಿಕ್ಕಳು, ಆಲಿಸ್ ಜೆರಾರ್ಡ್. ಕಾಲೇಜು ಓದಿದವಳು, ಗಣಿಯ ನಂಟೇ ಇಲ್ಲದವಳು. ಇಬ್ಬರೂ ಸೇರಿ, ಗಂಡಸರು ಹಾಡುತ್ತಿದ್ದ ಅದೇ ಏರುದನಿಯಲ್ಲಿ, ಸಿಹಿ ಬೆರೆಸದೆ ಹಾಡಿದರು. 1965ರಲ್ಲಿ ಮೊದಲ ಆಲ್ಬಂ ಬಂತು, 1973ರಲ್ಲಿ ‘ಹೇಜಲ್ ಅಂಡ್ ಆಲಿಸ್’. ಮುಂದೆ ದೊಡ್ಡ ಸ್ಟಾರ್‌ಗಳಾದ ತಾಯಿ ಮಗಳ ಜೋಡಿ ಜಡ್ಸ್, ಜೊತೆಗೂಡಿ ಹಾಡೋದಕ್ಕೆ ಸ್ಫೂರ್ತಿ ಪಡೆದದ್ದು ಈ ಇಬ್ಬರ ಆಲ್ಬಂನಿಂದ. ಬಾಲ್ಟಿಮೋರಿನ ಬಾರ್‌ಗಳಲ್ಲಿ ಕಂಡ ಹೆಂಗಸರನ್ನು ನೆನೆದು ಹೇಜಲ್ ಬರೆದ ಒಂದು ಹಾಡಿದೆ. ಅವಳನ್ನು ಹೀಗಳೆಯೋ ಗಂಡಸೇ, ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರಲ್ಲಿ ನಿನ್ನ ಪಾಲೆಷ್ಟು ಅಂತ ಕೇಳುತ್ತೆ ಆ ಹಾಡು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಬ್ಲ್ಯಾಕ್ ಲಂಗ್’. ಕರಿ ಶ್ವಾಸಕೋಶ. ಹೇಜಲ್‌ಳ ಅಣ್ಣ ಥರ್ಮನ್ ಗಣಿಯಲ್ಲಿ ದುಡಿದವನು. ಕಲ್ಲಿದ್ದಲ ಧೂಳು ಎದೆಯೊಳಗೆ ತುಂಬಿಕೊಂಡು ಉಸಿರಿಗಾಗಿ ಒದ್ದಾಡಿ ಸತ್ತ. ಕಂಪನಿಗಳು ಸಾಕಿಕೊಂಡ ಡಾಕ್ಟರುಗಳು ಈ ಕಾಯಿಲೆಗೆ ಇಟ್ಟಿದ್ದ ಹೆಸರು ‘ಗಣಿಗಾರರ ಆಸ್ತಮಾ’. ಆಸ್ತಮಾ ಅಂದ್ರೆ ಪರಿಹಾರ ಕೊಡಬೇಕಾಗಿಲ್ಲ ನೋಡಿ! ಅಣ್ಣನ ಸಾವು ಕಂಡ ತಂಗಿ ಆ ಕಾಯಿಲೆಯನ್ನೇ ಎದುರಿಗೆ ನಿಲ್ಲಿಸಿ ಮಾತಾಡಿಸುವ ಹಾಡು ಬರೆದಳು. ವಾದ್ಯವೇ ಇಲ್ಲದೆ, ಅಪ್ಪನ ಚರ್ಚಿನ ರೀತಿಯಲ್ಲಿ ಹಾಡಿದಳು. ಕೇಳಿ ಒಮ್ಮೆ. ಇಂಗ್ಲಿಷ್ ಅರ್ಥವಾಗದಿದ್ದರೂ ಪರವಾಗಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಮಷಿನ್ ಬಂದರೆ ಮನುಷ್ಯನ ಕಷ್ಟ ಕಡಿಮೆಯಾಗುತ್ತೆ ಅನ್ನೋದು ನಮ್ಮ ಮೊದಲ ಪಾಠ. ಗಣಿಯಲ್ಲಿ ಏನಾಯ್ತು ಗೊತ್ತಾ? ಗುದ್ದಲಿ ಹಿಡಿದು ಅಗೆಯೋ ಕಾಲ ಹೋಗಿ, ಹಲ್ಲಿನ ಉರುಳೆ ತಿರುಗಿಸಿ ಕಲ್ಲಿದ್ದಲನ್ನು ಕೊರೆಯೋ ಯಂತ್ರಗಳು ಬಂದವು. ಬೆನ್ನಿಗೆ ಸ್ವಲ್ಪ ಬಿಡುವು ಸಿಕ್ಕಿತು ನಿಜ. ಆದರೆ ಯಂತ್ರ ಎಬ್ಬಿಸೋ ಧೂಳು ಬಹಳ ನಯ. ದಪ್ಪ ಧೂಳನ್ನು ಮೂಗು, ಗಂಟಲು ತಡೆಯುತ್ತವೆ. ಕೆಲವೇ ಮೈಕ್ರಾನ್ ಗಾತ್ರದ ಕಣವನ್ನು ತಡೆಯೋರು ಯಾರೂ ಇಲ್ಲ, ಸೀದಾ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಒಮ್ಮೆ ಕೂತರೆ ಮುಗೀತು, ಗುಣಪಡಿಸುವ ಔಷಧಿಯಿಲ್ಲ.

ಫಾರ್ಮಿಂಗ್ಟನ್ ಆದಮೇಲೆ ಬಫ್, ರಾಸ್ಮುಸ್ಸೆನ್, ವೆಲ್ಸ್ ಅನ್ನೋ ಮೂವರು ಡಾಕ್ಟರುಗಳು ಗಣಿ ಊರುಗಳಲ್ಲಿ ಸಭೆ ಮಾಡಿ ಸತ್ಯ ಹೇಳಿದರು. 1969ರ ಫೆಬ್ರವರಿಯಲ್ಲಿ ವೆಸ್ಟ್ ವರ್ಜೀನಿಯಾದ ಸುಮಾರು 40,000 ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸಂಘದ ಅನುಮತಿಗೂ ಕಾಯಲಿಲ್ಲ. ಮಾರ್ಚ್‌ನಲ್ಲಿ ರಾಜ್ಯ ಕಾನೂನು ಮಾಡಿತು, ವರ್ಷದ ಕೊನೆಗೆ ಅಧ್ಯಕ್ಷ ನಿಕ್ಸನ್ ಕೇಂದ್ರದ ಕಾನೂನಿಗೆ ಸಹಿ ಹಾಕಿದರು. ಒಂದು ಘನ ಮೀಟರ್ ಗಾಳಿಯಲ್ಲಿ ಉಸಿರೊಳಗೆ ಹೋಗಬಲ್ಲ ಧೂಳು ಮೊದಲು ಮೂರು, ನಂತರ ಎರಡು ಮಿಲಿಗ್ರಾಂ ಮೀರಬಾರದು ಅಂತ ನಿಯಮವಾಯ್ತು. ರೋಗಕ್ಕೆ ಪರಿಹಾರವೂ ಬಂತು.

ಅದೇ ದಿನಗಳಲ್ಲಿ, 1969ರ ಡಿಸೆಂಬರ್ 31ರಂದು, ಸಂಘದೊಳಗೆ ಬಾಯ್ಲ್‌ಗೆ ಎದುರು ನಿಂತಿದ್ದ ಜಾಕ್ ಯಬ್ಲಾನ್ಸ್ಕಿ, ಅವರ ಹೆಂಡತಿ, ಮಗಳು ಮೂವರೂ ಮನೆಯಲ್ಲೇ ಕೊಲೆಯಾದರು. ಕೊಲೆ ಮಾಡಿಸಿದ್ದು ಬಾಯ್ಲ್ ಅಂತ 1974ರಲ್ಲಿ ಕೋರ್ಟ್‌ನಲ್ಲಿ ಸಾಬೀತಾಯ್ತು. ಹೌದು, ಕ್ಯಾಮೆರಾ ಮುಂದೆ ಕಂಪನಿಯನ್ನು ಹೊಗಳಿದ್ದ ಅದೇ ಬಾಯ್ಲ್! ಆ ಕೊಲೆಯ ಮೇಲೂ ಹೇಜಲ್ ಹಾಡು ಬರೆದಳು.

ಸುದ್ದಿಯಾಗಿ ಇವೆಲ್ಲ ಹಳತಾದವು, ಹಾಡಾಗಿ ಆಗಲಿಲ್ಲ. ಕೆಂಟಕಿಯ ಹಾರ್ಲನ್ ಕೌಂಟಿಯ ಗಣಿ ಮುಷ್ಕರದ ಬಗ್ಗೆ ಬಾರ್ಬರಾ ಕೋಪಲ್ 1976ರಲ್ಲಿ ಸಾಕ್ಷ್ಯಚಿತ್ರ ಮಾಡಿದರು, ‘ಹಾರ್ಲನ್ ಕೌಂಟಿ, ಯುಎಸ್ಎ’. ಅದರಲ್ಲಿ ಹೇಜಲ್ ಹಾಡುಗಳಿವೆ. ಆಸ್ಕರ್ ಬಂತು. 1987ರ ‘ಮೇಟ್‌ವಾನ್’ ಸಿನಿಮಾದಲ್ಲಿ ಸಮಾಧಿಯ ಮುಂದೆ ನಿಂತು ಹಾಡುವ ಹೆಂಗಸು ಆಕೆಯೇ. ನಟನೆ ಅನ್ನಿಸೋದೇ ಇಲ್ಲ. 2001ರಲ್ಲಿ ಜನಪದ ಕಲಾವಿದರಿಗೆ ಅಮೆರಿಕ ಸರ್ಕಾರ ಕೊಡೋ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು. ಬ್ಲೂಗ್ರಾಸ್‌ನ ಹಾಲ್ ಆಫ್ ಫೇಮ್‌ನಲ್ಲಿ ಹೇಜಲ್, ಆಲಿಸ್ ಇಬ್ಬರ ಹೆಸರು ಸೇರಿದ್ದು 2017ರಲ್ಲಿ. ನನ್ನ ಪ್ರಕಾರ ತುಂಬಾ ತಡ.

ಅಷ್ಟೊತ್ತಿಗೆ ಹೇಜಲ್ ಇರಲಿಲ್ಲ. ವಾಷಿಂಗ್ಟನ್‌ನಲ್ಲಿ 2011ರ ಏಪ್ರಿಲ್ 22ರಂದು ತೀರಿಕೊಂಡರು. ಅದಕ್ಕೆ ಒಂದು ವರ್ಷದ ಹಿಂದೆ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಮತ್ತೊಂದು ಸ್ಫೋಟವಾಗಿ 29 ಜನ ಸತ್ತಿದ್ದರು. ಅದರ ಸ್ವತಂತ್ರ ತನಿಖಾ ವರದಿ ಹೊರಬಂದದ್ದು 2011ರ ಮೇ ತಿಂಗಳಲ್ಲಿ, ಹೇಜಲ್ ಹೋದ ನಾಲ್ಕು ವಾರಕ್ಕೆ. ಮರಣೋತ್ತರ ಪರೀಕ್ಷೆಯಲ್ಲಿ 24 ಜನರ ಶ್ವಾಸಕೋಶವನ್ನು ನೋಡಲು ಸಾಧ್ಯವಾಗಿತ್ತು. ಅವರಲ್ಲಿ 17 ಜನರಿಗೆ ಕರಿ ಶ್ವಾಸಕೋಶದ ಕಾಯಿಲೆ ಶುರುವಾಗಿತ್ತು. ಎಲ್ಲರಿಗಿಂತ ಚಿಕ್ಕವನ ವಯಸ್ಸು 25.